ಗಂಗವ್ವನ ಹೊಟ್ಟಿ

ಬೇವೂರಿನ ಗಂಗವ್ವ ಗಂಡ ಸತ್ತ ಮೂರು ವರ್ಷಕ್ಕ ಹೊಟ್ಟಿ ಉಬ್ಬಿಸಿಕೊಂಡಳು. ಸೂಲಗಿತ್ತಿಯಾದ ನಾನು ಮುಟ್ಟಿ ನೋಡದೇ "ಬಸುರು" ಅಂತ ಊರೆಲ್ಲ ಸಾರಿದೆ. ಬಯಕಿ ಐತೇನು ನೋಡೂಣಂತ ದಿನಾ ಮಾವಿನ ಉಪ್ಪಿನಕಾಯಿ ಕೊಟ್ಟೆ. ಚಪ್ಪರಿಸಿ ತಿಂದಳು. ಇನ್ನೇನು ಸಾಕ್ಷಿ ಬೇಕು?

ಅಕಿ ಭಾವ ಮನಿಯಿಂದ ಹೊರಗ ಹಾಕ್ತೀನಿ ಅಂತ ಕುಂತ. ಅಷ್ಟರಾಗ ಅಕಿಗೆ ಏದುಸಿರು ಹತ್ತಿತು. ಕೊಪ್ಪಳದ ದವಾಖಾನಿಗೆ ಚಕ್ಕಡ್ಯಾಗ ನಾನೇ ಕರಕೊಂಡು ಹೋದೆ. ದಾರ್‍ಯಾಗ ಗಂಡಸಿನ ಹೆಸರು ಬಾಯಿ ಬಿಟ್ಟಾಳು ಅನ್ನೋ ಆಸಿ.

ಡಾಕ್ಟರ್ ಸಾಹೇಬರು ಅಕಿ ಕಾಲು ಒತ್ತಿದರು. ಹೆಬ್ಬೆರಳಿನ ಕುಣಿ ಹಂಗ ಉಳೀತು. ಎದಿಗೆ ನಳಿಗಿ ಹಚ್ಚಿ ಬಡಿತ ಕೇಳಿದರು.

"ಎಷ್ಟು ತಿಂಗಳ್ರಿ?" ಅಂದೆ.

"ಬಸುರಲ್ಲಮ್ಮ, ನೀರು. ದಿಲ್ ಸೋತೈತಿ. ಗುರ್ದಾಕ್ಕ, ಅಂದ್ರ ಮೂತ್ರಪಿಂಡಕ್ಕ, ರಕ್ತ ಸಾಲವಲ್ದು, ಉಚ್ಚಿ ಆಗವಲ್ದು."

"ಎದಿ ಎಲ್ಲಿ, ಗುರ್ದಾ ಎಲ್ಲಿ! ಅವಕ್ಕೇನ್ರಿ ಸಂಬಂಧ?"

"ಗಂಡ ಹೆಂಡ್ತಿ ಇದ್ದಂಗ. ಒಂದು ಮಲಗಿದ್ರ ಇನ್ನೊಂದು ಏಳಂಗಿಲ್ಲ. ಉಪ್ಪು ಭಾಳ ತಿಂದಾಳೇನು?"

"ಈ ಅಕ್ಕಾರು ದಿನಾ ಉಪ್ಪಿನಕಾಯಿ ಕೊಟ್ಟು ಸಾಕ್ಯಾರ್ರಿ" ಅಂದಳು ಗಂಗವ್ವ.

ಊರಿಗೆ ಬಂದು ಭಾವನ ಮುಂದ ತಪ್ಪು ಒಪ್ಪಿದೆ, ಅಕಿ ಮನ್ಯಾಗ ಉಳದಳು. ಬಸುರು ಅಂದಾಗ ಬೀಸೂ ಕಲ್ಲು ಬಿಟ್ಟು ಓಡಿಬಂದಿದ್ದ ಹೆಂಗಸರು, ಗುರ್ದಾ ಅನ್ನೂದ್ರಾಗ ಸೀರಿ ಝಾಡಿಸಿ ಎದ್ದರು.