ಹೆಪ್ಪುಗಟ್ಟಿದ ನೆಲದ ಮೂರು ಗಂಟೆ

ಮಾರ್ನಿಗೆ ವಾರದಲ್ಲಿ ತನ್ನದು ಅಂತ ಇದ್ದದ್ದು ಮೂರೇ ಗಂಟೆ. ಶನಿವಾರ ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ. ಅದನ್ನು ಅವಳಿಗೆ ಕೊಟ್ಟದ್ದು ಚಳಿ.

ಫ್ರೂಟಾ ಊರಿನ ಉತ್ತರಕ್ಕೆ, ಬೂದು ಬಂಡೆಗೋಡೆಯ ಬುಡದಲ್ಲಿರುವ ಮರುಭೂಮಿಯ ಜೇಡಿಮಣ್ಣು ಜನವರಿಯಲ್ಲಿ ರಾತ್ರಿಯ ಚಳಿಗೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಬೆಳಗಿನ ಹೊತ್ತು ಸೈಕಲ್ಲಿಗೆ ಅಂಥ ದಾರಿ ಇನ್ನೊಂದಿಲ್ಲ. ಬಿಸಿಲು ತಾಗಿ ಕರಗಿತೋ, ಅದೇ ಮಣ್ಣು ಗೋಂದಿಗಿಂತ ಕಡೆ. ಚಕ್ರ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಮೆತ್ತಿಕೊಂಡು ಚಕ್ರ ಹಿಡಿದ ಫೋರ್ಕಿಗೆ ಕಚ್ಚಿ ನಿಂತುಬಿಡುತ್ತದೆ. ಆಮೇಲೆ ಸೈಕಲ್ಲು ತುಳಿದರೂ ಹೋಗುವುದಿಲ್ಲ, ತಳ್ಳಿದರೂ ಬರುವುದಿಲ್ಲ. ಅದಕ್ಕೇ ಅಲ್ಲಿಯವರು ಚಳಿಗಾಲದಲ್ಲಿ ಮಬ್ಬಿರುವಾಗಲೇ ಹೊರಟು, ಬಿಸಿಲು ದಿಬ್ಬ ಇಳಿದು ದಾರಿಗೆ ಬೀಳುವ ಮುಂಚೆ ಕಾರಿನ ಹತ್ತಿರ ವಾಪಸಾಗಿಬಿಡುತ್ತಾರೆ.

ಮದುವೆಗೆ ಮುಂಚೆ ಮಾರ್ನಿ ವಾರಕ್ಕೆ ನಾಲ್ಕು ದಿನ ಸೈಕಲ್ ತುಳಿಯುತ್ತಿದ್ದವಳು. ಜಿಲ್ಲಾ ಕಚೇರಿಯಲ್ಲಿ ವಾಹನಗಳ ನಂಬರ್ ಪ್ಲೇಟು ಕೊಡುವ ಕೌಂಟರಿನಲ್ಲಿ ಕೆಲಸ. ಐದಕ್ಕೆ ಕಿಟಕಿ ಮುಚ್ಚಿದರೆ ಐದೂವರೆಗೆ ಹಾದಿಯ ಮೇಲೆ. ಈಗ ರಜೆಯಲ್ಲಿದ್ದಳು. ಮಗಳು ವಿಲ್ಲಾಗೆ ಐದು ತಿಂಗಳು. ಗಂಡ ಕೋಡಿ ವಿದ್ಯುತ್ ಲೈನಿನ ಕೆಲಸಗಾರ, ಹದಿನಾಲ್ಕು ದಿನ ಪಕ್ಕದ ರಾಜ್ಯ ವಯೋಮಿಂಗ್ ಕಡೆ, ಏಳು ದಿನ ಮನೆಯಲ್ಲಿ. ಆ ಹದಿನಾಲ್ಕು ದಿನ ಮಾರ್ನಿ ಎರಡು ಕೋಣೆಯೊಳಗೆ ಸುತ್ತುತ್ತಿದ್ದಳು. ಮಗು ಮಲಗಿದರೆ ಉಸಿರಾಡುತ್ತಿದೆಯೇ ಅಂತ ಬೆರಳನ್ನು ಅದರ ಮೂಗಿನ ಹತ್ತಿರ ಹಿಡಿದು ನೋಡುವುದು. ಹೀಟರಿನ ಬಿಸಿ ಹೆಚ್ಚಾಯಿತೇನೋ ಅಂತ ಇಳಿಸುವುದು, ಕಮ್ಮಿಯಾಯಿತೇನೋ ಅಂತ ಮತ್ತೆ ಏರಿಸುವುದು. ಮಗು ಬಾಟಲಿ ಮುಟ್ಟುತ್ತಿರಲಿಲ್ಲ. ಏಳು ಥರದ ನಿಪ್ಪಲ್ ತಂದು ನೋಡಿದ್ದಾಯಿತು, ಏಳನ್ನೂ ನಾಲಿಗೆಯಿಂದ ತಳ್ಳಿತ್ತು. ಹಾಗಾಗಿ ಮಾರ್ನಿ ನಾಲ್ಕು ಗಂಟೆಗಿಂತ ದೂರ ಎಲ್ಲಿಗೂ ಹೋಗುವಂತಿರಲಿಲ್ಲ.

"ನೀನು ಹಗ್ಗ ಕಟ್ಟಿದ ಮೇಕೆ ಥರ ಆಗಿದ್ದೀಯ, ಹುಡುಗಿ," ಅಂದಿದ್ದಳು ಅತ್ತೆ ಲೊರೇನ್, ಕೋಡಿಯ ತಾಯಿ. "ಶನಿವಾರ ಬೆಳಿಗ್ಗೆ ಬರ್ತೀನಿ, ಹೋಗು. ಆದ್ರೆ ಹತ್ತಕ್ಕೆ ಇಲ್ಲಿರಬೇಕು. ಅದು ಅತ್ತು ಅತ್ತು ನೀಲಿ ಆಗೋದನ್ನ ನೋಡೋ ವಯಸ್ಸಲ್ಲ ನಂದು."

ಆ ಶನಿವಾರವೂ ಐದೂ ಮುಕ್ಕಾಲಿಗೆ ಹಾಲು ಕುಡಿಸಿ, ಮಗುವನ್ನು ಲೊರೇನಳ ತೋಳಿಗೆ ಹಾಕಿ, ಬಾಗಿಲವರೆಗೆ ಹೋಗಿ ಎರಡು ಸಲ ವಾಪಸು ಬಂದು, ಮಾರ್ನಿ ಹೊರಟಳು. ಜೊತೆಗೆ ಇಬ್ಬರು. ಕಾರಿನಲ್ಲಿ ಯೋಲಿ, ಅದೇ ಕಚೇರಿಯ ಪಕ್ಕದ ಕೌಂಟರಿನವಳು. ಹಾದಿಯ ಬುಡದಲ್ಲಿ ತನ್ನ ಹಳೇ ಪಿಕಪ್ಪಿಗೆ ಒರಗಿ ಕಾಯುತ್ತಿದ್ದವನು ವರ್ನ್. ಅರವತ್ತಮೂರು ವರ್ಷ, ಪೀಚ್ ತೋಟದವನು, ಅಲ್ಲಿನ ಹಾದಿಗಳಲ್ಲಿ ಅರ್ಧದಷ್ಟನ್ನು ಗುದ್ದಲಿ ಹಿಡಿದು ಕಡಿದವನು. ಸೈಕಲ್ ಹ್ಯಾಂಡಲ್ಲಿಗೆ ಗಡಿಯಾರ ಕಟ್ಟಿಕೊಂಡಿರುತ್ತಿದ್ದ.

ಎರಡು ಗಂಟೆ ಚೆನ್ನಾಗಿಯೇ ಹೋಯಿತು. ನೆಲ ಚಕ್ರದಡಿ ಖಣಖಣ ಅನ್ನುತ್ತಿತ್ತು. ಮಂಜಿನ ಹರಳು ಕಟ್ಟಿದ ಗಿಡಗಳ ನಡುವೆ ಇಳಿಯುವಾಗ ಮಾರ್ನಿಗೆ ಕಣ್ಣಲ್ಲಿ ನೀರು ಬಂತು, ಚಳಿಗಾಳಿಗೆ ಅಂದುಕೊಂಡಳು. ಕವಲಿನಲ್ಲಿ ವರ್ನ್ ಬ್ರೇಕು ಹಿಡಿದ.

"ಎಂಟೂ ಮುಕ್ಕಾಲು. ತಿರುಗ್ಸಿ ಗಾಡಿ."

"ಒಂದೇ ಒಂದು ಸುತ್ತು," ಅಂದಳು ಮಾರ್ನಿ. "ಕುರಿದಿಬ್ಬದ ಸುತ್ತು. ಇಪ್ಪತ್ತು ನಿಮಿಷ."

"ನಿನ್ನ ಇಪ್ಪತ್ತು ನಿಮಿಷ ಮಣ್ಣಿಗೆ ಗೊತ್ತಿರಲ್ಲ."

"ನೆರಳಲ್ಲೇ ಇದೆಯಲ್ಲ ಅದು."

"ಬಿಡು ತಾತ," ಯೋಲಿ ಅಂದಳು. "ವಾರವೆಲ್ಲ ಡಯಪರ್ ಜೊತೆ ಕೂತಿರ್ತಾಳೆ ಪಾಪ. ಇಪ್ಪತ್ತು ನಿಮಿಷಕ್ಕೆ ನಿನ್ನ ಪ್ರಾಣ ಹೋಗಲ್ಲ."

"ಹೋದ್ರೂ ಪೀಚ್ ತೋಟ ನಿನಗೆ ಬರೆದಿಟ್ಟಿಲ್ಲ, ಆಸೆ ಬಿಡು," ಅಂದ ವರ್ನ್. ಆದರೆ ಹ್ಯಾಂಡಲ್ ಕುರಿದಿಬ್ಬದ ಕಡೆಗೇ ತಿರುಗಿಸಿದ.

ಸುತ್ತಿನ ಆ ಕೊನೆಯಲ್ಲಿ ಅವನ ಹಿಂದಿನ ಟೈರು ಗಾಳಿ ಹೋಗಿ ಕೂತಿತು. ನೆಗ್ಗಿಲು ಮುಳ್ಳು. ಒಂದಲ್ಲ, ಐದಾರು. ಟೈರಿನೊಳಗೆ ತೂತು ಮುಚ್ಚಲು ಹಾಕುವ ಬಿಳಿ ದ್ರವ ಯಾವತ್ತೋ ಒಣಗಿ ಚಕ್ಕೆಯಾಗಿತ್ತು. ಬೇರೆಯವರ ಸೈಕಲ್ ಎಲ್ಲ ತಪಾಸಣೆ ಮಾಡುವ ಮನುಷ್ಯ ತನ್ನದನ್ನು ಮರೆತಿದ್ದ. ಟ್ಯೂಬು ಹಾಕಲು ಕೂತರೆ ಬೆರಳು ಮರಗಟ್ಟಿ ವಾಲ್ವಿನ ತುದಿ ಮುರಿಯಿತು. ಎರಡನೆಯ ಟ್ಯೂಬು ಯೋಲಿಯದು.

"ನೀವಿಬ್ಬರೂ ಹೋಗಿ, ನಾನು ಬರ್ತೀನಿ," ಅಂದ ಎರಡು ಸಲ.

ಯಾರೂ ಹೋಗಲಿಲ್ಲ. ಟೈರು ಕೂತವನನ್ನು ಬಿಟ್ಟು ಹೋಗುವುದು ಆ ಗುಂಪಿನಲ್ಲಿರಲಿಲ್ಲ. ಅದೂ ಅಲ್ಲದೆ ಈ ಸುತ್ತು ಕೇಳಿದವಳೇ ಮಾರ್ನಿ. ಯಾವ ಮುಖ ಇಟ್ಟುಕೊಂಡು ಮುಂದೆ ಹೋಗುತ್ತಾಳೆ. ಪಂಪು ಒತ್ತುತ್ತ, ಬಂಡೆಯ ಮೇಲಿನಿಂದ ಬಿಸಿಲಿನ ಗೆರೆ ಇಳಿಯುತ್ತಿರುವುದನ್ನು ನೋಡುತ್ತ ನಿಂತಳು. ಕಾಲುವೆಯ ನೀರಿನ ಹಾಗೆ ಸದ್ದಿಲ್ಲದೆ ಬರುತ್ತಿತ್ತು ಅದು.

ಒಂಬತ್ತು ಇಪ್ಪತ್ತಕ್ಕೆ ಹೊರಟರು. ಮೊದಲು ಟೈರು ಸ್ವಲ್ಪ ಜಾರಿತು. ಆಮೇಲೆ ಕಪ್ಪು ಮಣ್ಣು ಹಾರಿ ಕೆನ್ನೆಗೆ ಬಡಿಯಿತು. ಇನ್ನೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೂರೂ ಸೈಕಲ್ಲು ಒಂದರ ಹಿಂದೊಂದು ನಿಂತುಬಿಟ್ಟವು. ಇಳಿದರೆ ಬೂಟಿಗೆ ಇಟ್ಟಿಗೆ ಗಾತ್ರದ ಮಣ್ಣು. ಪಕ್ಕದಲ್ಲೇ ಒಂದು ಕಲ್ಲುಹಾಸು ಇತ್ತು, ಒಂದು ಲಾರಿ ನಿಲ್ಲುವಷ್ಟು ಅಗಲ. ಸೈಕಲ್ಲುಗಳನ್ನು ಎಳೆದುಕೊಂಡು ಅದರ ಮೇಲೆ ಹತ್ತಿ ಕೂತರು.

"ಇನ್ನೇನು," ಅಂದ ವರ್ನ್, ಕಡ್ಡಿಯಿಂದ ಮಣ್ಣು ಕೆರೆಯುತ್ತ. "ಮೂರೂವರೆಗೆ ನೆರಳು ಬೀಳತ್ತೆ. ನಾಲ್ಕೂವರೆಗೆ ಮತ್ತೆ ಗಟ್ಟಿ ಆಗತ್ತೆ."

"ನನ್ನ ಹತ್ರ ತಿನ್ನೋಕೆ ಒಂದು ಬುರ್ರಿತೊ ಇದೆ," ಯೋಲಿ ಅಂದಳು. "ತಾತನಿಗೆ ಸುತ್ತಿದ ಕಾಗದ ಮಾತ್ರ."

ಮಾರ್ನಿ ಫೋನು ಎತ್ತಿ ಹಿಡಿದಳು. ಸಿಗ್ನಲ್ ಇರಲಿಲ್ಲ. ಅಲ್ಲಿ ಯಾವತ್ತೂ ಇರುವುದಿಲ್ಲ ಅಂತ ಗೊತ್ತಿದ್ದೂ ಮೂರು ಮೂಲೆಗೆ ಹೋಗಿ ಹಿಡಿದಳು. ಹಾದಿ ಹಿಡಿದು ನಡೆದರೆ ಕಾರಿಗೆ ಎರಡು ಮೈಲಿ, ಈ ಕೆಸರಿನಲ್ಲಿ ಎರಡು ಗಂಟೆ. ಆದರೆ ಕಾರು ಅಲ್ಲೇ ಕಾಣುತ್ತಿತ್ತು. ಹಾದಿ ಬಳಸಿಕೊಂಡು ಹೋಗುತ್ತದೆ. ನೇರ ನೋಡಿದರೆ ಆಚೆ ರಸ್ತೆ, ರಸ್ತೆಯ ಪಕ್ಕ ಅವಳ ನೀಲಿ ಕಾರು, ನಡುವೆ ನಾನೂರು ಹೆಜ್ಜೆಯ ಬಯಲು.

ಆ ಬಯಲಿನ ಮೇಲೆ ಗಾಯದ ಹಕ್ಕಳೆಯಂಥ ಕರಿ ಪದರ ಹಬ್ಬಿತ್ತು. ಅದು ಜೀವವಿರುವ ಮಣ್ಣು. ಕಣ್ಣಿಗೆ ಕಾಣದ ಪಾಚಿ, ಬೂಷ್ಟು ಹೆಣೆದುಕೊಂಡು ಮರಳನ್ನು ಹಿಡಿದಿಟ್ಟಿರುತ್ತದೆ. ಒಂದು ಹೆಜ್ಜೆ ಬಿದ್ದರೆ ಕೂಡಿಕೊಳ್ಳಲು ಹತ್ತಾರು ವರ್ಷ. ಅದರ ಮೇಲೆ ಕಾಲಿಡುವವರನ್ನು ಅಲ್ಲಿಯವರು ಕಳ್ಳನನ್ನು ನೋಡಿದ ಹಾಗೆ ನೋಡುತ್ತಾರೆ. ಹಾದಿಯ ಬುಡದಲ್ಲಿ ಹಸಿರು ಹಲಗೆಯೊಂದಿದೆ: "ಈ ಮಣ್ಣಿಗೆ ಜೀವವಿದೆ, ದಾರಿ ಬಿಡಬೇಡಿ." ನಾಲ್ಕು ವರ್ಷದ ಹಿಂದೆ ಅದನ್ನು ಬರೆದು ಬಣ್ಣ ಹಚ್ಚಿದವಳು ಮಾರ್ನಿ.

ಹತ್ತಾಯಿತು. ಹಾಲು ತುಂಬಿ ಎದೆ ಕಲ್ಲಾಗಿ, ಒಳಗಿನ ಬಟ್ಟೆ ಒದ್ದೆಯಾಗಿ, ಅದಕ್ಕೆ ಗಾಳಿ ತಾಗಿ ಕೊರೆಯುತ್ತಿತ್ತು. ಮಗುವಿನ ಅಳು ಅವಳಿಗೆ ಇಲ್ಲಿಗೇ ಕೇಳಿಸಿದಂತಿತ್ತು. ಮೊದಲು ಕುಂಯ್ ಅನ್ನುವುದು, ಆಮೇಲೆ ಉಸಿರು ಕಟ್ಟಿ ಸದ್ದೇ ಇಲ್ಲದ ಆ ಒಂದು ಗಳಿಗೆ. ಲೊರೇನ್ ಬೆನ್ನು ತಟ್ಟುತ್ತಿರಬಹುದು. ಎತ್ತಿಕೊಂಡು ಓಡಾಡುವಾಗ ಕಾಲು ಜಮಖಾನೆಗೆ ಸಿಕ್ಕಿದರೆ? ಆ ಜಮಖಾನೆಯ ಅಂಚು ಮಡಚಿಕೊಂಡಿತ್ತು, ಸರಿಮಾಡಬೇಕು ಅಂದುಕೊಂಡವಳು ಮಾಡಿರಲಿಲ್ಲ. ಕಲ್ಲಿನ ಈ ತುದಿಯಿಂದ ಆ ತುದಿಗೆ ಹನ್ನೊಂದು ಹೆಜ್ಜೆ. ಹೋದಳು, ಬಂದಳು, ಮತ್ತೆ ಹೋದಳು.

"ಕೂತ್ಕೊಳ್ಳೇ," ಅಂದಳು ಯೋಲಿ. "ನಿನ್ನ ಅತ್ತೆ ಮೂರು ಮಕ್ಕಳನ್ನ ಸಾಕಿದಾಳೆ ಕಣೇ."

"ಅದು ಬಾಟಲಿ ಕುಡಿಯಲ್ಲ ಯೋಲಿ."

"ಗೊತ್ತು."

"ನಾಲ್ಕೂವರೆ ಅಂದ್ರೆ ಇನ್ನೂ ಆರೂವರೆ ಗಂಟೆ."

ಮಾರ್ನಿ ವರ್ನ್ ಕಡೆ ನೋಡಿದಳು. ಹೋಗು ಅಂತ ಅವನು ಹೇಳಲಿ ಎಂದಿತ್ತು ಅವಳಿಗೆ. ಬೇಡ ಅಂದರೂ ಆಗುತ್ತಿತ್ತು, ಯಾರ ಮೇಲಾದರೂ ತಪ್ಪು ಹಾಕಬಹುದಿತ್ತು. ಅವನು ಎದ್ದು, ಬಯಲಿಗೆ ಬೆನ್ನು ಹಾಕಿ, ಬಂಡೆಯ ಕಡೆ ಮುಖ ಮಾಡಿ ಕೂತ.

"ನನ್ನ ಕಣ್ಣು ಸರಿ ಇಲ್ಲ ಈಚೆಗೆ," ಅಂದ. "ಆ ಕಡೆ ಏನೂ ಕಾಣಲ್ಲ."

ಮಾರ್ನಿ ಬೂಟಿನ ಮಣ್ಣು ಕೆರೆದು ಇಳಿದಳು. ಮೊದಲು ಕಲ್ಲಿಂದ ಕಲ್ಲಿಗೆ ಕಾಲಿಟ್ಟಳು. ಕಲ್ಲು ಮುಗಿಯಿತು. ಒಂದು ಕಾಲು ಎತ್ತಿಕೊಂಡು ಕೊಕ್ಕರೆಯ ಹಾಗೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಇಟ್ಟಳು. ಹಪ್ಪಳ ಮುರಿದ ಹಾಗೆ ಸದ್ದಾಯಿತು. ಮುಂದಿನದೂ ಹಾಗೇ. ಹಿಂದಿನ ಹೆಜ್ಜೆಯ ಗೆರೆಯಲ್ಲೇ ಮುಂದಿನದನ್ನು ಇಡುತ್ತ, ಅಗಲವಾಗದಂತೆ, ಹಗ್ಗದ ಮೇಲೆ ನಡೆಯುವವಳಂತೆ ಹೋದಳು. ಕೊನೆಗೆ ಓಡಿಬಿಟ್ಟಳು.

ಮನೆಯ ಬಾಗಿಲು ತೆಗೆದಾಗ ಹತ್ತೂ ಮುಕ್ಕಾಲು. ಮನೆ ನಿಶ್ಶಬ್ದವಾಗಿತ್ತು. ಅವಳು ನೇರ ಒಳಗೆ ನುಗ್ಗಿದಳು.

ಲೊರೇನ್ ಅಡುಗೆಮನೆಯಲ್ಲಿ ಕೂತಿದ್ದಳು. ವಿಲ್ಲಾ ಅವಳ ತೊಡೆಯ ಮೇಲೆ, ಗಲ್ಲದ ಕೆಳಗೆ ಪಾತ್ರೆ ಒರೆಸುವ ಬಟ್ಟೆ ಸಿಕ್ಕಿಸಿಕೊಂಡು, ಚಮಚ ಕಚ್ಚುತ್ತಿತ್ತು.

"ಬಂದ್ಯಾ? ಎಲ್ಲೋ ಬಿದ್ದೆ ಅಂದ್ಕೊಂಡೆ," ಅಂದಳು ಲೊರೇನ್. "ಅರ್ಧ ಗಂಟೆ ಆಕಾಶಭೂಮಿ ಒಂದು ಮಾಡಿದ್ಲು. ಆಮೇಲೆ ನೀನು ಫ್ರಿಜ್‌ನಲ್ಲಿ ಇಟ್ಟಿದ್ದ ಹಾಲು ಬೆಚ್ಚಗೆ ಮಾಡಿ ಚಮಚದಲ್ಲಿ ಹಾಕ್ದೆ. ಕೋಡಿನೂ ಹೀಗೇ, ಬಾಟಲಿ ಅಂದ್ರೆ ಶತ್ರು ಅವನಿಗೆ. ಚಮಚ ಕೊಟ್ಟು ನೋಡಿರಲಿಲ್ವಾ ನೀನು?"

"ಇಲ್ಲ."

"ಕೇಳಿದ್ರೆ ಹೇಳ್ತಿದ್ದೆ."

ಮಾರ್ನಿ ಮಗುವನ್ನು ಎತ್ತಿ ಎದೆಗೆ ಹಿಡಿದಳು. ಅದು ಎರಡು ಗುಟುಕು ಎಳೆದು, ಸಾಕಾಗಿ, ಮುಖ ತಿರುಗಿಸಿ ನಿದ್ದೆಹೋಯಿತು. ಹೆಗಲ ಮೇಲೆ ಹಾಕಿಕೊಂಡು ಬಹಳ ಹೊತ್ತು ನಿಂತಿದ್ದಳು. ಬೂಟು ಬಿಚ್ಚಿರಲಿಲ್ಲ.

ಅಲ್ಲಿಂದ ಮುಂದೆ ಶನಿವಾರ ಎಷ್ಟು ಹೊತ್ತಾದರೂ ತೊಂದರೆಯಿಲ್ಲ ಅಂದಳು ಲೊರೇನ್. ಮಾರ್ನಿ ಎರಡು ವಾರ ಹೋಗಲಿಲ್ಲ. ಮಗುವಿಗೆ ಶೀತ ಅಂದಳು. ಮೂರನೆಯ ವಾರ ಹೋದಾಗ ಕಲ್ಲುಹಾಸಿನ ತಿರುವಿನಲ್ಲಿ ಅವಳ ಹೆಜ್ಜೆಗಳು ಅಚ್ಚು ಹೊಡೆದ ಹಾಗೆ ಇದ್ದವು. ಮಾರ್ಚಿನಲ್ಲಿ ಅವುಗಳ ಪಕ್ಕ ದೊಡ್ಡ ಬೂಟಿನ ಗುರುತು, ಒಂದು ಟೈರಿನ ಗೆರೆ. ಒಬ್ಬರು ನಡೆದದ್ದು ಕಂಡರೆ ದಾರಿ ಅಂದುಕೊಂಡು ಇನ್ನೊಬ್ಬರು ನಡೆಯುತ್ತಾರೆ. ಏಪ್ರಿಲ್ ಹೊತ್ತಿಗೆ ಅದು ನಿಜವಾಗಿಯೂ ದಾರಿಯಾಗಿತ್ತು.

ಹಾದಿ ರಿಪೇರಿಯ ಶನಿವಾರ ಹತ್ತೊಂಬತ್ತು ಜನ ಸೇರಿದ್ದರು. ಒಣಗಿದ ಜುನಿಪರ್ ಗಿಡದ ಕೊಂಬೆಗಳನ್ನು ಎಳೆದುತಂದು ಆ ಗೆರೆಯ ಮೇಲೆ ಹಾಕಿ, ಇನ್ಯಾರೂ ನಡೆಯದಂತೆ ಮುಚ್ಚುವುದು ಕೆಲಸ. ಮಾರ್ನಿ ವಿಲ್ಲಾಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿದ್ದಳು.

"ಯಾವನೋ ದನ ಕಾಯೋನು ಶುರು ಮಾಡಿದ್ದು ಇದನ್ನ," ಅಂದ ಒಬ್ಬ ಯುವಕ, ಕೊಂಬೆ ಎಸೆಯುತ್ತ. "ಹಲಗೆ ಓದೋಕೂ ಬರಲ್ಲ ಇವಕ್ಕೆ."

ಯೋಲಿ ಕೆಮ್ಮಿದಳು. ವರ್ನ್ ಗುದ್ದಲಿಯ ಹಿಡಿ ನೋಡುತ್ತ ನಿಂತ.

"ನಾನು ಶುರು ಮಾಡಿದ್ದು," ಅಂದಳು ಮಾರ್ನಿ.

ಯುವಕ ನಕ್ಕ, ತಮಾಷೆ ಅಂದುಕೊಂಡು. ಬೇರೆ ಯಾರೂ ನಗದಿದ್ದಾಗ ನಿಲ್ಲಿಸಿದ. ಯಾಕೆ ಅಂತ ಯಾರಾದರೂ ಕೇಳಿದರೆ ಏನು ಹೇಳುವುದು ಅಂತ ಅವಳು ಮೂರು ತಿಂಗಳಿಂದ ಹೊಂದಿಸಿಟ್ಟುಕೊಂಡಿದ್ದಳು. ಯಾರೂ ಕೇಳಲಿಲ್ಲ. ಬೆನ್ನ ಮೇಲಿನ ಮಗು ಇಳಿಸು ಅಂತ ಕಾಲು ಬಡಿಯುತ್ತಿತ್ತು. ಇಳಿಸಲು ಜಾಗವಿರಲಿಲ್ಲ, ಎರಡೂ ಕಡೆ ಕರಿ ಮಣ್ಣು.

"ಆ ತುದಿ ಹಿಡ್ಕೋ," ಅಂದ ವರ್ನ್, ದೊಡ್ಡ ಕೊಂಬೆಯೊಂದರ ಈ ತುದಿ ಎತ್ತಿ. "ಇನ್ನೂ ಮುನ್ನೂರು ಹೆಜ್ಜೆ ಇದೆ."

ಅವಳು ಬಗ್ಗಿ ಹಿಡಿದಳು. ಮಗು ಹಿಂದಿನಿಂದ ಅವಳ ಕೂದಲನ್ನು ಎರಡೂ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿತು.