ಹೆಬ್ಬೆರಳಿನಲ್ಲಿ ಗೇರ್ ಕೇಳುವ ಸಂಜೀವಪ್ಪ

ಶನಿವಾರ ಬೆಳಗಿನ ಐದೂವರೆ. ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆ ಕಡೆಗೆ ಹೋಗುವ ರಸ್ತೆಯ ಬದಿಯ ತಗಡಿನ ಅಂಗಡಿಯಲ್ಲಿ ಬಲ್ಬು ಉರಿಯುತ್ತಿದೆ. ಸೂರಿನಿಂದ ಇಳಿಬಿಟ್ಟ ಎರಡು ಹಗ್ಗಕ್ಕೆ ನೀಲಿ ಬಣ್ಣದ ರೇಸ್ ಸೈಕಲ್ಲೊಂದು ಜೋತುಬಿದ್ದಿದೆ. ಹಿಂದಿನ ಚಕ್ರದ ಪಕ್ಕ ಗೋಣಿಚೀಲದ ಮೇಲೆ ಕೂತ ಸಂಜೀವಪ್ಪ ಕಣ್ಣು ಮುಚ್ಚಿದ್ದಾರೆ. ಪಾಪ, ಕೂತಲ್ಲೇ ನಿದ್ದೆ ಹತ್ತಿರಬೇಕು ಎಂದುಕೊಂಡು ನಾನು ಹೊಸ್ತಿಲಲ್ಲೇ ನಿಲ್ಲುತ್ತೇನೆ. ಆದರೆ ಅವರ ಬಲಗೈ ಪೆಡಲ್ ತಿರುಗಿಸುತ್ತಲೇ ಇದೆ. ಎಡಗೈ ಹೆಬ್ಬೆರಳು ಗೇರಿನ ತಂತಿಯ ಮೇಲಿದೆ.

ಹ್ಯಾಂಡಲ್ ಹತ್ತಿರ ನಿಂತಿರುವ ಅವರ ಹೆಂಡತಿ ರುಕ್ಮಿಣಮ್ಮ ಬ್ರೇಕ್ ಹಿಡಿಯ ಹಿಂದಿರುವ ಪುಟ್ಟ ಲಿವರನ್ನು ಒತ್ತುತ್ತಾರೆ. ಟಿಕ್ ಎನ್ನುತ್ತದೆ. ಚೈನು ಒಂದು ಹಲ್ಲುಚಕ್ರದಿಂದ ಪಕ್ಕದ್ದಕ್ಕೆ ಏರುತ್ತದೆ. ನನಗೆ ಕೇಳಿದ ಆ ಸದ್ದು ಸಂಜೀವಪ್ಪನವರಿಗೆ ಕೇಳುವುದಿಲ್ಲ, ತಂತಿಯ ಮೇಲಿನ ಹೆಬ್ಬೆರಳಿಗೆ ಮಾತ್ರ ತಿಳಿಯುತ್ತದೆ. "ನಾಕನೇದು ಇನ್ನೂ ಮುನಿಸ್ಕೊಂಡೈತೆ," ಎಂದು ಅವರು ಹಿಂದಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸುತ್ತಾರೆ. ರುಕ್ಮಿಣಮ್ಮ ಮತ್ತೆ ಒತ್ತುತ್ತಾರೆ. ಹೀಗೆ ಏಳು ಗೇರು ಮೇಲಕ್ಕೆ, ಏಳು ಗೇರು ಕೆಳಕ್ಕೆ, ಅರ್ಧ ಗಂಟೆಯಿಂದ ನಡೆಯುತ್ತಿದೆ.

ಐವತ್ತೊಂಬತ್ತು ವರ್ಷದ ಸಂಜೀವಪ್ಪ ಸೈಕಲ್ ರಿಪೇರಿಯವರು. ಬೋರ್ಡಿಲ್ಲದ ಅಂಗಡಿ. ದಿನಕ್ಕೆ ಐದಾರು ಪಂಕ್ಚರ್, ಒಂದೆರಡು ಬ್ರೇಕು, ಕಾರ್ಖಾನೆಗೆ ಹೋಗುವವರ ಹಳೇ ಸೈಕಲ್ಲಿನ ಬೇರಿಂಗ್, ಇವು ನಿತ್ಯದ ಕೆಲಸ. ಆದರೆ ಕಡಿಮೆ ಬೆಲೆಯ ರೇಸ್ ಸೈಕಲ್ ಇಟ್ಟುಕೊಂಡು ದೊಡ್ಡ ಕನಸು ಕಾಣುವ ಸುತ್ತಮುತ್ತಲಿನ ಹುಡುಗ ಹುಡುಗಿಯರಿಗೆ ಅವರು ಬೇರೆಯದೇ ಕಾರಣಕ್ಕೆ ಗೊತ್ತು. ಅಂಥ ಸೈಕಲ್ಲುಗಳಲ್ಲಿ ಗೇರಿನ ಲಿವರ್ ಹ್ಯಾಂಡಲ್ಲಿನ ಕೆಳಗೆ, ಚೌಕಟ್ಟಿನ ಕೊಳವೆಯ ಮೇಲಿರುತ್ತದೆ. ಗೇರ್ ಬದಲಿಸಬೇಕೆಂದರೆ ಒಂದು ಕೈ ಬಿಟ್ಟು ಬಗ್ಗಬೇಕು. ಏರಿನಲ್ಲಿ, ಹತ್ತು ಸೈಕಲ್ಲಿನ ಗುಂಪಿನ ನಡುವೆ ಕೈ ಬಿಡುವುದೆಂದರೆ ಒಂದೋ ಹಿಂದೆ ಬೀಳಬೇಕು, ಇಲ್ಲವೇ ಮಣ್ಣಿಗೆ ಬೀಳಬೇಕು. ಆ ಲಿವರ್ ಕಿತ್ತು, ಬ್ರೇಕಿನಲ್ಲೇ ಗೇರ್ ಇರುವ ಹಿಡಿಗಳನ್ನು ಕೂರಿಸಿಕೊಡುವುದು ಸಂಜೀವಪ್ಪನವರ ಕೈಚಳಕ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಈ ಕೆಲಸ ಕೇಳಿದರೆ, ಈ ಸೈಕಲ್ಲಿಗೆ ಅಷ್ಟು ಸುರಿಯೋದು ದಂಡ, ಹೊಸದು ತಗೊಳ್ಳಿ ಎಂದು ನಗುನಗುತ್ತಾ ಕಳಿಸುತ್ತಾರಂತೆ. ಹೊಸದು ತಗೊಳ್ಳಲು ಆಗುವವರು ಹಳೇದನ್ನು ಹೊತ್ತುಕೊಂಡು ಯಾಕೆ ಬರುತ್ತಾರೆ ಎಂದು ಅವರಿಗೆ ಯಾರು ಹೇಳಬೇಕು?

ಏಳು ಗೇರೂ ಸರಿಹೋದ ಮೇಲೆ ಸಂಜೀವಪ್ಪ ಎದ್ದು, ಸ್ಟೀಲ್ ಬೋಸಿಯಲ್ಲಿರುವ ಬಿಸಿ ಉಪ್ಪುನೀರಿಗೆ ಎಡಗೈ ಅದ್ದಿ ಕೂರುತ್ತಾರೆ. ಹೆಬ್ಬೆರಳು ಆಗಾಗ ಜೋಮು ಹಿಡಿಯುತ್ತದೆ. ನರ ಒತ್ತಿಕೊಂಡಿದೆ, ಕೈಗೆ ಬಿಡುವು ಕೊಡಿ ಎಂದಿದ್ದಾರೆ ಡಾಕ್ಟರು. "ಕೈಗೆ ರಜಾ ಕೊಟ್ರೆ ಹೊಟ್ಟೆ ಒಪ್ಬೇಕಲ್ಲ ಸಾರ್. ಆದ್ರೂ ಸಾಕಾಗ್ಬಿಟ್ಟೈತೆ. ಇದೊಂದು ಸೈಕಲ್ ಕೊಟ್ಬಿಟ್ಟು ಬಾಗ್ಲು ಹಾಕ್ಬಿಡೋಣ ಅಂತಿದೀನಿ. ಇದನ್ನ ಮಾತ್ರ ಬಿಡಕ್ಕಾಗಲ್ಲ," ಎನ್ನುತ್ತಾರೆ.

ಯಾಕೆ ಬಿಡಲಾಗುವುದಿಲ್ಲ ಎಂಬುದು ತಿಳಿಯಬೇಕಾದರೆ ಅವರ ಹಿಂದಿನ ಬದುಕನ್ನು ಸ್ವಲ್ಪ ಕೇಳಬೇಕು. ಸಂಜೀವಪ್ಪ ಹದಿನಾಲ್ಕನೇ ವಯಸ್ಸಿಗೆ ಈ ಊರಿನ ಮಗ್ಗದ ಶೆಡ್ಡು ಸೇರಿದವರು. ಮೂವತ್ತೊಂದು ವರ್ಷ ಕರೆಂಟು ಮಗ್ಗದ ಮುಂದೆ ನಿಂತು ರೇಷ್ಮೆ ಸೀರೆ ನೇಯ್ದರು. ಹದಿನಾರು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಕೂಗಿದರೂ ಕೇಳುವುದಿಲ್ಲ. ಅಲ್ಲಿ ಕೆಲಸ ಮಾಡುವವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಕಿವಿ ಹೋಗಿದ್ದು ಒಂದು ದಿನದಲ್ಲಲ್ಲ. "ಮೊದ್ಲು ಗುಬ್ಬಿ ಸದ್ದು ಹೋಯ್ತು. ಆಮೇಲೆ ಫೋನು. ಆಮೇಲೆ ಇವಳ ಬೈಗುಳ," ಎಂದು ಹೆಂಡತಿಯ ಕಡೆ ನೋಡುತ್ತಾರೆ. "ಅದೊಂದು ಅದೃಷ್ಟ ನಿಮ್ಗೆ," ಎಂದು ರುಕ್ಮಿಣಮ್ಮ ಸದ್ದೇ ಇಲ್ಲದೆ ತುಟಿಯಲ್ಲಿ ಹೇಳುತ್ತಾರೆ. ಮೂವತ್ತೈದು ವರ್ಷದ ಸಂಸಾರದ ಬಹುಪಾಲು ಮಾತು ಹೀಗೇ ನಡೆದಿದೆಯಂತೆ.

ಶೆಡ್ಡಿನ ಮಾಲೀಕರು ಮಗ್ಗಗಳನ್ನು ಗುಜರಿಗೆ ಕೊಟ್ಟಾಗ ಸಂಜೀವಪ್ಪನವರಿಗೆ ನಲವತ್ತೈದು. ಕಿವಿ ಕೇಳದವರನ್ನು ಬೇರೆ ಶೆಡ್ಡಿನವರು ಬೇಡವೆಂದರು. ಊಟದ ಬಿಡುವಿನಲ್ಲಿ ಜೊತೆಯವರ ಸೈಕಲ್ ಸರಿಮಾಡಿಕೊಡುತ್ತಿದ್ದ ಅಭ್ಯಾಸವೇ ಕೈಹಿಡಿಯಿತು. ಶನಿವಾರ, ಭಾನುವಾರ ಬೆಂಗಳೂರಿನಿಂದ ಬೆಟ್ಟದ ಕಡೆ ಸೈಕಲ್ ತುಳಿಯುತ್ತಾ ಬರುವವರಿದ್ದಾರಲ್ಲ, ಅವರ ಸೈಕಲ್ಲಿನ ಬೆಲೆ ಕೇಳಿದರೆ ಮೋಟಾರ್ ಬೈಕು ನಾಚಿಕೊಳ್ಳಬೇಕು. ಆದರೂ ತಂತಿ ಕಡಿದರೆ ಎಲ್ಲರೂ ಒಂದೇ. ಅವರಲ್ಲೊಬ್ಬರ ಸೈಕಲ್ಲಿನ ಹೊಸ ಬಗೆಯ ಹಿಡಿಯನ್ನು ಬಿಚ್ಚಿ ನೋಡಿದ್ದು ಸಂಜೀವಪ್ಪನವರ ಮೊದಲ ಪಾಠ. ಮಿಕ್ಕಿದ್ದನ್ನು ಮೊಬೈಲಿನ ವಿಡಿಯೊ ನೋಡಿ ಕಲಿತರು. "ಇಂಗ್ಲಿಷ್ನಲ್ಲಿ ಹೇಳ್ಲಿ, ಚೀನಾದೋರು ಹೇಳ್ಲಿ, ನಂಗೆಲ್ಲ ಒಂದೇ. ಕೈ ನೋಡ್ಕೊಂಡ್ರೆ ಸಾಕು," ಎನ್ನುತ್ತಾರೆ. ಈವರೆಗೆ ನಲವತ್ತೊಂದು ಸೈಕಲ್ಲಿನ ಹಿಡಿ ಬದಲಿಸಿದ್ದಾರೆ. ಒಂದೊಂದಕ್ಕೂ ಎರಡು ದಿನ ಬೇಕು. ಹಳೇ ಬ್ರೇಕಿನ ಹಿಡಿ ಕಳಚಿ, ಹೊಸದನ್ನು ಎರಡೂ ಕಡೆ ಒಂದೇ ಮಟ್ಟಕ್ಕೆ ಕೂರಿಸಿ, ತಂತಿಯ ಮೇಲಿನ ಕೊಳವೆಯನ್ನು ಅಳತೆಗೆ ಕತ್ತರಿಸಬೇಕು. ಹಿಡಿಯೊಳಗಿನ ಸೂಜಿಗಣ್ಣಿನಷ್ಟು ತೂತಿಗೆ ತಂತಿ ಪೋಣಿಸುವುದು ರುಕ್ಮಿಣಮ್ಮನ ಕೆಲಸ. ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದದೆಳೆಗಳ ಸುರುಳಿ, ಬಂದಾಗ ಹಳೇ ಎಳೆಗೆ ಹೊಸ ಎಳೆ ಸೇರಿಸುತ್ತಾ ದಿನಕ್ಕೆ ಸಾವಿರಾರು ಎಳೆ ಹೊಸೆಯುತ್ತಿದ್ದ ಕೈ ಅದು.

ನಲವತ್ತೊಂದರಲ್ಲಿ ನಲವತ್ತು ಸರಿಯಾಗಿವೆ. ತಪ್ಪಿದ ಆ ಒಂದು ಸೈಕಲ್ಲೇ ಈಗ ಹಗ್ಗಕ್ಕೆ ಜೋತುಬಿದ್ದಿರುವ ನೀಲಿಯದು.

ಅದು ರಂಜಿತಳದು. ಇಪ್ಪತ್ತೆರಡರ ಈ ಹುಡುಗಿ ಸೋಂಪುರದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ. ಯಾರೋ ಬಳಸಿ ಬಿಟ್ಟ ಸೈಕಲ್ ಕೊಂಡು, ಶಿಫ್ಟು ಮುಗಿದ ಮೇಲೆ ತುಳಿಯುತ್ತಾಳೆ. ರಾಜ್ಯ ತಂಡಕ್ಕೆ ಆರಿಸುವ ಸ್ಪರ್ಧೆ ವರ್ಷಕ್ಕೊಮ್ಮೆ ಬರುತ್ತದೆ, ನಾಲ್ವರನ್ನು ತೆಗೆದುಕೊಳ್ಳುತ್ತಾರೆ. ಕಳೆದ ವರ್ಷ ಅದಕ್ಕೆಂದೇ ಸಂಜೀವಪ್ಪನವರ ಹತ್ತಿರ ಹಿಡಿ ಹಾಕಿಸಿಕೊಂಡಿದ್ದಳು. ಸಂಜೆ ಕೆಲಸ ಮುಗಿಸಿದ ಸಂಜೀವಪ್ಪ ಅಂಗಡಿ ಮುಚ್ಚುವ ಮುಂಚೆ ಸ್ಕ್ರೂ ತಿರುವಿ ಗೇರಿನ ತಂತಿಯನ್ನು ಸಡಿಲ ಬಿಟ್ಟರು. ಬೆಳಿಗ್ಗೆ ಎದ್ದು ಮತ್ತೆ ಬಿಗಿ ಮಾಡಿ, ಏಳೂ ಗೇರ್ ನೋಡಿ ಕೊಟ್ಟರು.

"ಮಗ್ಗ ನಿಲ್ಸಿದ್ರೆ ಹಾಸು ಸಡ್ಲ ಬಿಡ್ಬೇಕು ಸಾರ್. ಬಿಗಿಯಾಗಿ ಬಿಟ್ರೆ ರೇಷ್ಮೆ ಎಳೆ ರಾತ್ರಿನಾಗೆ ಪಟ್ ಅಂತ ಕಡ್ದೋಗ್ತದೆ. ಮೂವತ್ತೊಂದು ವರ್ಷ ದಿನಾ ಸಡ್ಲ ಬಿಟ್ಟಿರೋ ಕೈ. ಅವತ್ತು ಗೊತ್ತಿಲ್ದಂಗೆ ಅದೇ ಮಾಡ್ಬಿಟ್ಟೆ," ಎನ್ನುತ್ತಾರೆ ಸಂಜೀವಪ್ಪ. ಹಳೇ ತಂತಿಯಾಗಿದ್ದರೆ ಏನೂ ಆಗುತ್ತಿರಲಿಲ್ಲ. ಹೊಸ ತಂತಿಯ ಲೆಕ್ಕ ಬೇರೆ. ಅದನ್ನು ಒಂದು ರಾತ್ರಿ ಬಿಗಿದೇ ಇಡಬೇಕು. ಎಳೆದು ಹಿಗ್ಗುವಷ್ಟು ಹಿಗ್ಗಿ, ಕೊಳವೆಯೊಳಗೆ ಕೂರಬೇಕು. ಬೆಳಿಗ್ಗೆ ಉಳಿದ ಸಡಿಲ ತೆಗೆಯಬೇಕು. ಅಂಗಡಿಯಲ್ಲಿ ಹಿಗ್ಗಬೇಕಾದ ತಂತಿ ರಂಜಿತಳ ಸ್ಪರ್ಧೆಯ ನಡುವೆ, ಮೂವತ್ತನೇ ಕಿಲೋಮೀಟರಿನ ಏರಿನಲ್ಲಿ ಹಿಗ್ಗಿತು. ಗೇರ್ ಒತ್ತಿದರೆ ಚೈನು ಮೇಲೇರದೆ ಜಾರಿತು. ಮತ್ತೆ ಒತ್ತಿದಳು, ಮತ್ತೆ ಜಾರಿತು. ಮೂರನೆಯ ಸ್ಥಾನದಲ್ಲಿದ್ದವಳು ನೆಲಕ್ಕೆ ಕಾಲೂರಿ ನಿಂತುಬಿಟ್ಟಳು.

"ತಂತಿಗೆ ರೇಷ್ಮೆ ಮರ್ಯಾದೆ ಕೊಟ್ಟೆ ನಾನು. ಅದರ ದಂಡ ಆ ಮಗು ಕಟ್ತು," ಎನ್ನುವಾಗ ಸಂಜೀವಪ್ಪ ಬೋಸಿಯ ನೀರನ್ನೇ ನೋಡುತ್ತಿರುತ್ತಾರೆ. ಅವಳೇನೂ ಜಗಳಕ್ಕೆ ಬರಲಿಲ್ಲವಂತೆ. ಹಿಡಿಯೇ ಸರಿಯಿಲ್ಲವೇನೋ ಅಂದುಕೊಂಡು, ಅದನ್ನು ಬಿಚ್ಚಿಸಿ ಹಳೇ ಲಿವರನ್ನೇ ಹಾಕಿಸಿಕೊಂಡು ಹೋದಳಂತೆ. ತಪ್ಪು ತಮ್ಮದೆಂದು ಹೇಳಲು ಇವರಿಗೆ ಆಗ ಬಾಯಿ ಬರಲಿಲ್ಲ. ಐದು ತಿಂಗಳು ಹೇಳದೆ ಇದ್ದರು. ಐದು ತಿಂಗಳು ಸರಿಯಾಗಿ ಊಟ ಮಾಡಲಿಲ್ಲ ಎಂದು ರುಕ್ಮಿಣಮ್ಮ ಸೇರಿಸುತ್ತಾರೆ. ಕೊನೆಗೊಂದು ದಿನ ಬಸ್ಸು ಹತ್ತಿ ಸೋಂಪುರಕ್ಕೆ ಹೋಗಿ, ಶಿಫ್ಟು ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಮುಂದೆ ನಿಂತು ಎಲ್ಲ ಹೇಳಿ ಬಂದರು. ಹೀಗೆ ತಪ್ಪೊಪ್ಪಿಕೊಳ್ಳಲು ಬಸ್ ಹತ್ತಿದ ಮೆಕ್ಯಾನಿಕ್ಕನ್ನು ನಾನು ಇದೇ ಮೊದಲು ನೋಡುತ್ತಿರುವುದು.

ನಾಳೆ ಈ ವರ್ಷದ ಸ್ಪರ್ಧೆ. ಅದೇ ಹಿಡಿ ಈಗ ಅದೇ ಸೈಕಲ್ಲಿಗೆ ಮರಳಿ ಬಂದಿದೆ. ತಂತಿ ಮಾತ್ರ ಹೊಸದು. ನಿನ್ನೆ ಸಂಜೆ ಅಂಗಡಿ ಮುಚ್ಚುವಾಗ ಸ್ಕ್ರೂ ಹತ್ತಿರ ಕೈ ತಾನಾಗೇ ಹೋಯಿತಂತೆ. ರುಕ್ಮಿಣಮ್ಮ ಆ ಕೈ ಹಿಡಿದು ಪಕ್ಕಕ್ಕೆ ಸರಿಸಿ, ಸ್ಕ್ರೂಗೆ ತಮ್ಮ ಹಳೇ ಸೆರಗಿನ ಚೂರು ಕಟ್ಟಿದರಂತೆ. ಬೆಳಿಗ್ಗೆ ಬಿಚ್ಚಿದ ಆ ಕೆಂಪು ಬಟ್ಟೆ ಈಗ ಹ್ಯಾಂಡಲ್ಲಿನ ಮೇಲೆ ನೇತಾಡುತ್ತಿದೆ.

ಏಳು ಗಂಟೆಗೆ ರಾತ್ರಿ ಪಾಳಿ ಮುಗಿಸಿದ ರಂಜಿತ ಬಸ್ಸಿನಿಂದ ಇಳಿದು ಬರುತ್ತಾಳೆ. ಕಣ್ಣು ಕೆಂಪಗಿವೆ. ಅವಳು ಇವರ ಹತ್ತಿರ ಕಿರುಚಿ ಮಾತಾಡುವುದಿಲ್ಲ. ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತು ನಿಧಾನಕ್ಕೆ ಮಾತಾಡುತ್ತಾಳೆ.

"ಆಯ್ತಾ ಅಂಕಲ್?"

"ಆಗೈತೆ ಕಣವ್ವ. ರಾತ್ರಿಯೆಲ್ಲ ಬಿಗಿದೇ ಇಟ್ಟಿದ್ದೆ. ಒಂದ್ಸಲ ತುಳ್ದು ನೋಡು."

ಅವಳು ರಸ್ತೆಯಲ್ಲಿ ಎರಡು ಕಿಲೋಮೀಟರು ಹೋಗಿ ಬರುತ್ತಾಳೆ. ಸಂಜೀವಪ್ಪ ಮತ್ತೆ ಸೈಕಲ್ ಹಗ್ಗಕ್ಕೇರಿಸಿ, ಹೆಬ್ಬೆರಳಿಟ್ಟು, ಕೂದಲೆಳೆಯಷ್ಟು ಬಿಗಿ ಮಾಡುತ್ತಾರೆ. ಎರಡನೇ ಸಲ ಹತ್ತು ಕಿಲೋಮೀಟರು. ಮತ್ತೆ ಹೆಬ್ಬೆರಳು. ಮೂರನೇ ಸಲ ಸ್ಕ್ರೂ ಮುಟ್ಟುವುದಿಲ್ಲ. "ಇನ್ನು ಇದು ಅಲ್ಲಾಡಲ್ಲ," ಎಂದು ಹೇಳುತ್ತಾರೆ. ಆದರೆ ಸೈಕಲ್ ಕಣ್ಮರೆಯಾದ ಮೇಲೆ ನನ್ನ ಕಡೆ ತಿರುಗಿ, "ಅಲ್ಲಾಡಲ್ಲ ಅಲ್ವಾ ಸಾರ್?" ಎಂದು ಕೇಳುತ್ತಾರೆ. ನನಗೇನು ಗೊತ್ತು? ಅಲ್ಲಾಡಲ್ಲ ಬಿಡಿ ಎಂದು ಹೇಳುತ್ತೇನೆ. ಆ ಸುಳ್ಳು ಧೈರ್ಯಕ್ಕೆ ನನಗೇ ನಾಚಿಕೆಯಾಗುತ್ತದೆ.

ಮನಸ್ಸು ತಡೆಯದೆ ಭಾನುವಾರ ಬೆಳಿಗ್ಗೆ ಮತ್ತೆ ಅಂಗಡಿಗೆ ಹೋಗುತ್ತೇನೆ. ಬೆಟ್ಟಕ್ಕೆ ಹೋದವರು ಹಿಂದಿರುಗುವ ಹೊತ್ತು. ಸಂಜೀವಪ್ಪ ಒಂದರ ಹಿಂದೊಂದು ಪಂಕ್ಚರ್ ಹಾಕುತ್ತಿದ್ದಾರೆ. ಒಂದು ಟ್ಯೂಬಿಗೆ ತೂತಿಲ್ಲದ ಕಡೆ ಪ್ಯಾಚು ಅಂಟಿಸಿ ನಾಲಿಗೆ ಕಚ್ಚಿಕೊಳ್ಳುತ್ತಾರೆ. ರುಕ್ಮಿಣಮ್ಮ ತಟ್ಟೆಯಲ್ಲಿ ತಂದಿಟ್ಟ ಚಿತ್ರಾನ್ನ ಆರಿದೆ. ಫೋನು ಅವರ ಎದುರಿಗೆ, ಪಂಪಿನ ಮೇಲೆ ಒರಗಿಸಿಟ್ಟಿದೆ. ಕಿವಿ ಕೇಳದವರು ಫೋನನ್ನು ಕಣ್ಣಿಂದಲೇ ಕಾಯಬೇಕು.

ಹನ್ನೊಂದಕ್ಕೆ ಪರದೆ ಬೆಳಗುತ್ತದೆ. ವಿಡಿಯೊ ಕರೆ. ರಂಜಿತಳ ಮುಖ, ಹಿಂದೆ ಜನ, ಮೈಕಿನ ಗದ್ದಲ. ನನಗೆ ಒಂದಕ್ಷರವೂ ತಿಳಿಯುವುದಿಲ್ಲ. ಸಂಜೀವಪ್ಪನವರಿಗೆ ಗದ್ದಲದ ಹಂಗಿಲ್ಲ. ಅವರು ಎಷ್ಟನೆಯವಳಾದೆ ಎಂದು ಕೇಳುವುದಿಲ್ಲ.

"ಜಾರ್ತೇನವ್ವಾ?"

ಅವಳು ತಲೆ ಅಡ್ಡಡ್ಡ ಆಡಿಸುತ್ತಾಳೆ. ಆಮೇಲೆ ಐದು ಬೆರಳು ತೋರಿಸುತ್ತಾಳೆ. ಐದನೆಯವಳು. ತೆಗೆದುಕೊಳ್ಳುವುದು ನಾಲ್ವರನ್ನು. ರುಕ್ಮಿಣಮ್ಮ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ಪರದೆಯಲ್ಲಿ ರಂಜಿತ ಇನ್ನೂ ಏನೋ ಹೇಳುತ್ತಿದ್ದಾಳೆ. ಸಂಜೀವಪ್ಪ ರೆಪ್ಪೆ ಅಲ್ಲಾಡಿಸದೆ ಅವಳ ತುಟಿಯನ್ನು ನೋಡಿ, "ಹೂಂ... ಹೂಂ... ನೋಡಾಣ," ಎಂದು ಕರೆ ಮುಗಿಸುತ್ತಾರೆ.

ಏನಂತೆ ಎಂದು ನಾನು ಕೇಳುತ್ತೇನೆ. "ಒಂದ್ಸಲಾನೂ ಜಾರ್ಲಿಲ್ವಂತೆ," ಎಂದು ಮೊದಲು ಅದನ್ನೇ ಹೇಳುತ್ತಾರೆ. ಮಿಕ್ಕಿದ್ದು ಆಮೇಲೆ. "ಕೊನೇ ಏರ್ನಾಗೆ ಕಾಲು ಸೋತೋಯ್ತಂತೆ. ಮುಂದಿನ್ವರ್ಷಕ್ಕೆ ಹಿಂದ್ಗಡೆ ಇನ್ನೊಂದು ಚೂರು ದೊಡ್ಡ ಹಲ್ಲುಚಕ್ರ ಹಾಕ್ಕೊಡಿ, ನೀವೇ ಹಾಕ್ಬೇಕು ಅಂತಾಳೆ."

"ಬಾಗ್ಲು ಹಾಕ್ತೀನಿ ಅಂದಿದ್ರಲ್ಲ?" ಎಂದು ನಾನು ಕೇಳುತ್ತೇನೆ.

ಅವರು ಎಡಗೈ ಹೆಬ್ಬೆರಳನ್ನು ಬಲಗೈಯಲ್ಲಿ ಒತ್ತಿ ಒತ್ತಿ ನೋಡಿಕೊಳ್ಳುತ್ತಾರೆ. ರುಕ್ಮಿಣಮ್ಮ ಕೇಳದೆಯೇ ಬೋಸಿಯಲ್ಲಿ ಬಿಸಿನೀರು ತಂದು ಮುಂದಿಟ್ಟು, ಒಂದು ಹಿಡಿ ಉಪ್ಪು ಹಾಕುತ್ತಾರೆ.

"ಇದೊಂದು ಬೆರಳು ಇನ್ನೊಂದ್ವರ್ಷ ಮಾತು ಕೇಳ್ಲಿ ಸಾರ್," ಎನ್ನುತ್ತಾ ಸಂಜೀವಪ್ಪ ನೀರಿಗೆ ಕೈ ಅದ್ದುತ್ತಾರೆ. "ಕಿವಿ ಹೋದಂಗೆ ಇದೂ ಹೋಗೋದಾದ್ರೆ, ಅವಳ ಚಕ್ರ ಹಾಕಿದ್ಮೇಲೆ ಹೋಗ್ಲಿ."