ಒಂದು ಅನ್ನಬಾರದ ಅಳತೆ

ಈಗಷ್ಟೇ ಬೀದರಿನ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಹೊಸ ಜೋಳದ ಚೀಲ ಬಿಚ್ಚಿದರು. ವಾಸನೆ ಮೂಗಿಗೆ ಬಡಿಯಿತು. ಅಳೆಯುವವನು "ಬರಕತ್, ಎರಡು, ಮೂರು" ಎಂದು ಶುರು ಮಾಡಿದ. ನಮ್ಮ ಕಡೆ ಧಾನ್ಯ ಅಳೆಯುವಾಗ 'ಒಂದು' ಅನ್ನುವುದಿಲ್ಲ ನೋಡಿ. ಬರಕತ್ ಅಂದರೆ, ದೇವರೇ, ಇದು ಹೆಚ್ಚಲಿ ಎಂದು ಬೇಡುವುದು. ನಮಾಜು ಮಾಡುವವರ ದುವಾದಿಂದ, ಪ್ರಾರ್ಥನೆಯಿಂದ, ಬಂದ ಮಾತು. ಲಿಂಗ ಕಟ್ಟಿದ ನಾವೂ ಅದನ್ನೇ ಅನ್ನುತ್ತೇವೆ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು, ಇದಕ್ಕಿಂತ ಹೆಚ್ಚು ಕೇಳಬೇಡಿ.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಸೈನ್ಯ ಬಂದು ನಿಜಾಮನ ರಾಜ್ಯ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ಮೇಲಿನ ಮೊದಲ ಸುಗ್ಗಿ. ಔರಾದ ಹತ್ತಿರದ ನಮ್ಮೂರಲ್ಲಿ ಎಲ್ಲರ ರಾಶಿ ಅಳೆಯುತ್ತಿದ್ದವರು ಮಹಬೂಬ ಚಾಚಾ. ಆ ಗದ್ದಲದಲ್ಲಿ ಅವರ ತಮ್ಮನನ್ನು ಕೊಂದಿದ್ದರು. ಅಂದಿನಿಂದ ಚಾಚಾ ಹೊರಗೆ ಬಂದಿರಲಿಲ್ಲ. ಗಂಟು ಕಟ್ಟಿದ್ದಾರೆ, ಊರು ಬಿಟ್ಟು ಹೈದರಾಬಾದಿಗೆ ಹೋಗುತ್ತಾರೆ ಎಂದು ಸುದ್ದಿ.

ಕಣದಲ್ಲಿ ನಾನೇ ಅಳತೆಯ ಪಾತ್ರೆ ಪಾಯಲಿಯಲ್ಲಿ ಜೋಳ ತುಂಬಿ "ಒಂದು" ಅಂದೆ. ಆಯಿ, ಅಂದರೆ ನನ್ನ ಅಜ್ಜಿ, ಕೈ ಹಿಡಿದಳು.

"ವಾಪಸ್ ರಾಶಿಗಿ ಸುರಿ. ಮಹಬೂಬಗ ಕರ್ಕೊಂಡು ಬಾ."

"ಯಾಕ, ನನಗ ಎಣಿಸಲಿಕ್ಕಿ ಬರಲ್ಲೇನ ಆಯಿ?"

"ಎಣಿಸಲಿಕ್ಕಿ ಬರ್ತದ. ಬೇಡಲಿಕ್ಕಿ ಬರಲ್ಲ. ನಡಿ."

ಹೋದೆ. ಚಾಚಾ ಬಾಗಿಲು ಬೆರಳಗಲ ತೆರೆದರು.

"ನನ್ನ ಬಾಯಾಗಿನ ಮಾತು ಈಗ ಯಾರಿಗಿ ಬೇಕು ಬೇಟಾ?"

"ಆಯಿಗಿ ಬೇಕಂತರಿ. ನೀವು ಬರೋತನ ಕಣದಾಗೇ ಕೂಡ್ತಾಳಂತ. ಮುದುಕಿ ಬಿಸಿಲಾಗ ಸತ್ತರ ನಿಮ್ಮ ಮ್ಯಾಲೇ ಬರ್ತದ ನೋಡ್ರಿ."

ನಾನು ಮಾತಾಡುವುದೇ ಹಾಗೆ. ಅವರು ನಕ್ಕರೋ ಏನೋ, ಚಪ್ಪಲಿ ಮೆಟ್ಟಿದರು.

ಕಣದ ಸುತ್ತ ನಾಲ್ಕು ಜನ ನೋಡುತ್ತ ನಿಂತಿದ್ದರು. ಚಾಚಾ ಪಾಯಲಿ ತುಂಬಿದರು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಆಗ ಆಯಿ ಎದ್ದು ನಿಂತು, ಎದೆಯ ಮೇಲಿನ ಲಿಂಗ ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ "ಬರಕತ್" ಅಂದಳು.

"ಮುಂದಿಂದು ನೀ ಅನ್ನು, ತಮ್ಮಾ."

ಚಾಚಾ ಆ ಪಾಯಲಿ ಚೀಲಕ್ಕೆ ಸುರಿದು, ಮತ್ತೆ ತುಂಬಿ "ಎರಡು" ಅಂದರು. ಕಣ್ಣು ಒರೆಸಿಕೊಳ್ಳಲಿಲ್ಲ, ಎರಡೂ ಕೈಯಲ್ಲಿ ಪಾಯಲಿ ಇತ್ತು.

ಅವರು ಹೈದರಾಬಾದಿಗೆ ಹೋಗಲಿಲ್ಲ. ಆಯಿ ಈಗಿಲ್ಲ. ನಮ್ಮ ಈ ವರ್ಷದ ರಾಶಿ ಇನ್ನೂ ಕಣದಲ್ಲೇ ಇದೆ. ಅದನ್ನು ಅಳೆಯಲು ನಾಳೆ ಔರಾದ ಬಸ್ಸು ಹಿಡಿಯಬೇಕು. ಚಾಚಾನ ತೋಳು ಸೋತಿದೆ, ಹಾಗಾಗಿ ಪಾಯಲಿ ಎತ್ತುವವನು ನಾನು, ಎಣಿಸುವವರು ಅವರು. ಮೊದಲನೆಯದನ್ನು ತುಂಬಿ ಅವರ ಮುಖ ನೋಡುತ್ತ ನಿಲ್ಲುತ್ತೇನೆ. ಅವರು "ಬರಕತ್" ಎಂದು ಕೂಗಿದರೆ ಪಕ್ಕದ ಹೊಲದವರೂ ತಲೆ ಎತ್ತುತ್ತಾರೆ.